ಪಂಪಿಗೆ ಕೊಟ್ಟ ರಜೆ

ಅಂಕೋಲೆ ಹತ್ತಿರದ ನನ್ನ ತವರಿನಲ್ಲಿ ಆಯುಧಪೂಜೆಯ ದಿನ ಮೆಟ್ಟುಗತ್ತಿಯನ್ನೂ ಮುಟ್ಟುವ ಹಾಗಿರಲಿಲ್ಲ. ತರಕಾರಿಯೆಲ್ಲ ಹಿಂದಿನ ದಿನವೇ ಹೆಚ್ಚಿಡಬೇಕು. ಕತ್ತಿ, ಗುದ್ದಲಿ, ಒರಳಿನ ಗುಂಡು ಎಲ್ಲವನ್ನೂ ತೊಳೆದು ದೇವರ ಮುಂದಿಟ್ಟು ಕುಂಕುಮ ಹಚ್ಚಿದರೆ ಮರುದಿನದವರೆಗೆ ಅವಕ್ಕೆ ನಿದ್ದೆ. "ವರ್ಷವಿಡೀ ದುಡೀತವೆ, ಒಂದಿನ ಮಲಗ್ಲಿ" ಎನ್ನುತ್ತಿದ್ದಳು ಆಯಿ. ಮದುವೆಯಾಗಿ ಕಾರವಾರದ ಕೋಡಿಬಾಗಕ್ಕೆ ಬರುವಾಗ ಆ ಮಾತನ್ನೂ ಕಟ್ಟಿಕೊಂಡೇ ಬಂದೆ.

ನಮ್ಮ ಯಜಮಾನರು ಊರ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಸ್ಟೀಲಿನ ಪೈಪುಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ಹೊಳಪು ಬರಿಸುವ ಕೆಲಸ. ಅದ್ದಿದ ಕೂಡಲೇ ತೊಟ್ಟಿಯಿಂದ ಇಟ್ಟಿಗೆ ಬಣ್ಣದ ಹೊಗೆ ಏಳುತ್ತದೆ. ಮೊದಲು ಅದು ಹಾಗೇ ಹೊರಗೆ ಬಿದ್ದು ಸುತ್ತಲಿನವರ ಬೈಗುಳ ತಿನ್ನುತ್ತಿತ್ತು. ಆಮೇಲೆ, ನಮ್ಮ ಮನೆಗೆ ಮೊದಲ ಮೊಬೈಲ್ ಬಂದ ವರ್ಷವಿರಬೇಕು, ಹೊಗೆ ತೊಳೆಯಲಿಕ್ಕೆಂದು ಒಂದು ಗೋಪುರ ನಿಲ್ಲಿಸಿದರು. ಫ್ಯಾನು ಹೊಗೆಯನ್ನು ಎಳೆದು ಗೋಪುರದ ಬುಡಕ್ಕೆ ತಳ್ಳುವುದು, ಪಂಪು ಮೇಲಿನಿಂದ ಕಾಸ್ಟಿಕ್ ಸೋಡಾ ಬೆರೆಸಿದ ನೀರು ಸುರಿಸುವುದು. ನೀರಿನಲ್ಲಿ ನೆನೆದು ನೆನೆದು ಹೊಗೆ ತುದಿಗೆ ಬರುವಷ್ಟರಲ್ಲಿ ಬಣ್ಣವೇ ಇರುತ್ತಿರಲಿಲ್ಲ.

"ಇಷ್ಟೆಲ್ಲ ಎಂತಕ್ಕೆ? ಹೊಗೆ ಅಂದ್ರೆ ಮೇಲೆ ಹೋಗೂದಲ್ವಾ?" ಎಂದು ಕೇಳಿದ್ದೆ.

"ಬಾಯ್ಲರಿಂದು ಬಿಸಿ ಹೊಗೆ, ಅದು ಮೇಲೆ ಹೋಗ್ತದೆ. ಅದನ್ನ ಶುದ್ಧ ಮಾಡೂಕೂ ಬೇರೆ ಉಪಾಯ ಅದೆ. ನಮ್ಮದು ಉಗುರುಬೆಚ್ಚಗಿನ ಹೊಗೆ ಮಾರಾಯ್ತಿ, ಅದಕ್ಕೆ ಆ ಉಪಾಯ ಹತ್ತೂದಿಲ್ಲ. ಬಿಟ್ರೆ ನೆಲದ ಮೇಲೇ ಮಲಗ್ತದೆ. ತೊಳೀಲೇಬೇಕು."

"ಹಾಗಾದ್ರೆ ಹೊಗೆಗೆ ಅಭಿಷೇಕ ಅನ್ನಿ" ಎಂದೆ. ಅವರು ನಕ್ಕರು.

ಆ ವರ್ಷದ ಆಯುಧಪೂಜೆಗೆ ಮನೆಯವರನ್ನೆಲ್ಲ ಕಾರ್ಖಾನೆಗೆ ಕರೆದಿದ್ದರು. ಪಾಯಸದ ಪಾತ್ರೆ, ಗೊಂಡೆ ಹೂವಿನ ಮಾಲೆ ಹಿಡಿದು ನಾನೂ ಹೋದೆ. ಎಲ್ಲ ಯಂತ್ರಗಳೂ ನಿಂತಿದ್ದವು. ತೊಟ್ಟಿಯಲ್ಲಿ ಒಂದಿಷ್ಟು ಪೈಪು ನೆನೆಯಲು ಬಿಟ್ಟಿದ್ದರಿಂದ ಗೋಪುರದ ಫ್ಯಾನು, ಪಂಪು ಮಾತ್ರ ನಡೆಯುತ್ತಿದ್ದವು. ತೊಟ್ಟಿ ನೋಡಿಕೊಳ್ಳುವವನು ಕಿನ್ನರ ಎಂಬ ಹಳ್ಳಿಯವನು, ಮನೆಯಲ್ಲಿ ಸ್ವಲ್ಪ ಗದ್ದೆಯೂ ಇತ್ತು. ಯಜಮಾನರಿಗಿಂತ ಚಿಕ್ಕವನು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ.

ಪಂಪು ಗಡಗಡ ನಡುಗುತ್ತಿತ್ತು. ಕುಂಕುಮ ನಿಲ್ಲುತ್ತಿಲ್ಲ, ಮಾಲೆ ಜಾರುತ್ತಿದೆ.

"ತಮಾ, ಇದನ್ನೊಂದು ನಿಲ್ಸು. ದುಡೀತಾ ಇರೂದಕ್ಕೆ ಪೂಜೆ ಮಾಡೂದು ಹ್ಯಾಗೆ?"

"ಪೈಪು ಒಳಗದೆ, ವೈನಿ."

"ಇರ್ಲಿ. ಎಲ್ಲಾ ಮಲಗಿದಾವೆ, ಇದೊಂದು ಎಂತ ಪಾಪ ಮಾಡಿದ್ದು?"

ಅವನು ತಲೆ ಕೆರೆದುಕೊಂಡ. "ಅಲ್ಲ, ಅಣ್ಣನ ಹತ್ರ ಒಂದ್ಮಾತು ಕೇಳಿ..."

"ಅಣ್ಣ ದೇವರಿಗಿಂತ ದೊಡ್ಡವ್ರಾ?"

ಅಣ್ಣ, ಅಂದರೆ ನಮ್ಮ ಯಜಮಾನರು, ಹೊರಗೆ ಧಣಿಗಳ ಜೊತೆ ಲಾರಿಯ ಮುಂದೆ ತೆಂಗಿನಕಾಯಿ ಒಡೆಯುತ್ತಿದ್ದರು. ಅವನು ನಗುತ್ತಾ ಸ್ವಿಚ್ ಒತ್ತಿದ. ಫ್ಯಾನಿಗೂ ಪಂಪಿಗೂ ಅದೊಂದೇ ಸ್ವಿಚ್. ಎಲ್ಲ ನಿಶ್ಶಬ್ದವಾಯಿತು. ನಾನು ಆರತಿ ಎತ್ತಿ, "ಇನ್ನು ನಾಳೆವರೆಗೆ ಮುಟ್ಬೇಡ" ಎಂದು ಬೇರೆ ಹೇಳಿದೆ. ಆಗ ನನಗಾದ ತೃಪ್ತಿ ಇಂದಿಗೂ ನೆನಪಿದೆ. ಅದೇ ಚುಚ್ಚುತ್ತದೆ.

ಯಜಮಾನರು ಇನ್ನೂ ಧಣಿಗಳ ಜೊತೆ ಆಫೀಸಿನಲ್ಲಿದ್ದರು. ನಾವು ಅಂಗಳದಲ್ಲಿ ಊಟಕ್ಕೆ ಕೂತಾಗ ತೊಟ್ಟಿಯವನಿಗೆ ಪೈಪಿನ ನೆನಪಾಯಿತು. ಹೆಚ್ಚು ಹೊತ್ತು ಬಿಟ್ಟರೆ ಹಾಳಾಗುತ್ತವೆಂದು ಒಬ್ಬನೇ ಎದ್ದು ಹೋಗಿ, ಸ್ವಿಚ್ ಮುಟ್ಟದೆಯೇ ಎಲ್ಲವನ್ನೂ ಎತ್ತಿಟ್ಟು ಬಂದ. ಕೆಮ್ಮುತ್ತಿದ್ದ, ಕಣ್ಣು ಕೆಂಪಾಗಿತ್ತು.

"ಎಂತಾ ಆಯ್ತೋ?"

"ಎಂತದೂ ಇಲ್ಲ. ವೈನಿಯ ಧೂಪ ಜೋರಾಯ್ತು!"

ಎಲ್ಲರೂ ನಕ್ಕೆವು. ಅವನು ನೀರು ಕುಡಿದು ಇನ್ನೊಮ್ಮೆ ಪಾಯಸ ಹಾಕಿಸಿಕೊಂಡ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದ.

ಸಂಜೆ ತುಳಸಿಗೆ ದೀಪವಿಟ್ಟು ಬಂದು, ಚಾ ಕೊಡುತ್ತಾ, ಧೂಪದ ಈ ಮಾತನ್ನು ನಗುತ್ತಲೇ ಹೇಳಿದೆ. ಯಜಮಾನರು ಕಪ್ಪು ಕೆಳಗಿಟ್ಟರು.

"ಪಂಪು ನಿಲ್ಸಿದ್ರಾ? ಒಳಗೆ ಹೊಗೆ ತುಂಬಿರ್ಲಿಲ್ವಾ?"

"ಬಾಗಿಲ ಹತ್ರ ಸ್ವಲ್ಪ ಹಳದಿ ಹಳದಿ ಕಂಡ ಹಾಗಿತ್ತು. ಆದ್ರೆ ಕೆಮ್ಮು ಆಗ್ಲೇ ನಿಂತಿತ್ತಲ್ಲ..."

"ನಿಲ್ತದೆ. ಆ ಹೊಗೆ ಮೊದ್ಲು ಸುಮ್ಮನಿರ್ತದೆ, ನಾಲ್ಕಾರು ತಾಸು ಕಳೆದ ಮೇಲೆ ಎದೆಯೊಳಗೆ ನೀರು ತುಂಬಿಸ್ತದೆ."

ಅವರು ಸ್ಕೂಟರ್ ತೆಗೆದರು. ಕರೆಯದಿದ್ದರೂ ನಾನು ಹಿಂದೆ ಕೂತೆ. ನೇರ ಕಿನ್ನರಕ್ಕೆ ಹೋದೆವು.

ಅವನು ಜಗಲಿಯಲ್ಲಿ ಮೊಣಕಾಲಿಗೆ ಕೈ ಊರಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿಲ್ಲವಂತೆ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಶೀತವೆಂದು ಹೆಂಡತಿ ಮೆಣಸಿನ ಕಷಾಯ ಕುಡಿಸುತ್ತಿದ್ದಳು. ಪಕ್ಕದ ಮನೆಯ ಟೆಂಪೊ ಆಗಷ್ಟೇ ಬಂದು ನಿಂತಿತ್ತು. ಅದರಲ್ಲೇ ಕಾರವಾರದ ಆಸ್ಪತ್ರೆಗೆ ತಂದೆವು. ಯಜಮಾನರು ಬಾಗಿಲಲ್ಲೇ ಡಾಕ್ಟರಿಗೆ ಎಂಥ ಹೊಗೆ ಎಂದು ಹೇಳಿದರು. ಕೂಡಲೇ ಆಕ್ಸಿಜನ್ ಹಾಕಿದರು. "ಬೆಳಗಾಗ್ಲಿ ಅಂತ ಕಾದಿದ್ರೆ ಉಳೀತಿರ್ಲಿಲ್ಲ" ಎಂದರು ಡಾಕ್ಟರು.

ಟೆಂಪೊ ಸಿಕ್ಕಿತು, ಆಕ್ಸಿಜನ್ ಸಿಕ್ಕಿತು, ಚಾ ಕೊಡುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ಎಲ್ಲ ದೇವಿಯ ಕೃಪೆ ಎಂದು ಎಣಿಸಿದೆ. ಎಣಿಸುತ್ತಾ ಹೋದರೆ ಕೊನೆಗೆ ಸ್ವಿಚ್ಚಿನ ಹತ್ತಿರವೇ ಬಂದು ನಿಲ್ಲುತ್ತಿದ್ದೆ.

ಮೂರ್ನಾಲ್ಕು ದಿನಕ್ಕೆ ಅವನ ಪ್ರಾಣಕ್ಕೆ ಭಯವಿಲ್ಲ ಎಂದರು. ಧಣಿಗಳಿಗೆ ನಾನೇ ಹೇಳಿದೆ, ನಿಲ್ಲಿಸಲು ಹೇಳಿದವಳು ನಾನು ಎಂದು. "ದೇವರ ಕೆಲಸದಲ್ಲಿ ಆದದ್ದು, ಮನಸ್ಸಿಗೆ ಹಚ್ಕೋಬೇಡಿ" ಎಂದರು. ಅತ್ತೆಯೂ ಅದನ್ನೇ ಅಂದರು. ಯಜಮಾನರು "ನಾ ಅಲ್ಲಿರಬೇಕಿತ್ತು" ಎಂದು ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡರು. ದೇವರ ಹೆಸರು ಬಂದದ್ದಕ್ಕೆ ನನ್ನನ್ನು ಬೈಯುವವರೇ ಇಲ್ಲದಂತಾಯಿತು. ದೇವಿ ಹಾಗೆ ಕೇಳಿರಲಿಲ್ಲ. ಕೇಳಿದವಳು ನಾನು, ಅವಳ ಹೆಸರಿನಲ್ಲಿ.

ಬೈದವಳು ಅವನ ಹೆಂಡತಿ ಒಬ್ಬಳೇ. ಪ್ರಸಾದ ಹಿಡಿದು ಹೋಗಿದ್ದೆ. ಆಸ್ಪತ್ರೆಯ ಪಡಸಾಲೆಯಲ್ಲಿ, ನಾಲ್ಕು ಜನರ ಎದುರಿಗೇ ಶುರುಮಾಡಿದಳು:

"ಪಂಪಿಗೆ ರಜಾ ಕೊಟ್ರಿ. ಇವ್ರ ಉಸಿರಿಗೂ ರಜಾ ಕೊಡೂಕೆ ಹೊರಟಿದ್ರಾ? ನಿಮ್ಮ ಮನೆಯವ್ರು ತೊಟ್ಟಿ ಮುಂದೆ ನಿಂತಿದ್ರೆ ನಿಲ್ಸು ಅಂತಿದ್ರಾ ನೀವು?"

ನಾನು ಪ್ರಸಾದದ ಪೊಟ್ಟಣ ಮುಂದೆ ಚಾಚಿದೆ.

"ಹೂವು ಪ್ರಸಾದ ಎಲ್ಲ ತಗಂಡ್ ಹೋಗಿ. ತರೂದಾದ್ರೆ ಗಂಜಿ ತನ್ನಿ. ಇಲ್ಲಿಯ ಗಂಜಿ ಇವ್ರಿಗೆ ಸೇರೂದಿಲ್ಲ."

ಅಳು ಬಂತು. ಆದರೂ ಎಷ್ಟೋ ದಿನದ ಮೇಲೆ ಒಬ್ಬರು ನನ್ನ ಜೊತೆ ನಿಜ ಮಾತಾಡಿದ ಹಾಗಾಯಿತು. ಅವನು ಮನೆಗೆ ಹೋಗುವವರೆಗೂ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಕೊಂಡೊಯ್ದೆ. ಅವಳು ಪಾತ್ರೆ ತೆಗೆದುಕೊಂಡು ಹಿಂದಿನ ದಿನದ್ದನ್ನು ತೊಳೆದು ಕೊಡುತ್ತಿದ್ದಳು, ಅಷ್ಟೇ.

ಅವನ ಉಸಿರು ಪೂರ್ತಿ ಮೊದಲಿನಂತಾಗಲಿಲ್ಲ. ಮೆಟ್ಟಿಲು ಹತ್ತಿದರೆ ನಡುವೆ ನಿಲ್ಲಬೇಕು. ಕಾರ್ಖಾನೆಯಲ್ಲಿ ಗೇಟಿನ ಹತ್ತಿರ ಕೂರುವ ಕೆಲಸ ಕೊಟ್ಟರು. ಭತ್ತ ಕೊಯ್ಲಿಗೆ ಬಂದಾಗ ಅವನ ಹೆಂಡತಿ ಯಜಮಾನರ ಹತ್ತಿರ ಹೇಳಿ ಕಳಿಸಿದಳು: "ವೈನಿಗೆ ಭತ್ತ ಬಡಿಯೂಕೆ ಬರ್ತದೆ ಅಲ್ವಾ? ಇವ್ರಿಗೆ ಧೂಳು ಆಗೂದಿಲ್ಲ. ಜನ ಸಾಲ್ತಿಲ್ಲ."

ತವರಿನಲ್ಲಿ ಬಡಿದವಳೇ ನಾನು. ಸೆರಗು ಬಿಗಿದು ಅವಳ ಪಕ್ಕ ನಿಂತೆ. ಅವನನ್ನು ಧೂಳು ಬಾರದ ಕಡೆ ದೂರ ಗದ್ದೆಯ ಅಂಚಿನಲ್ಲಿ ಕೂರಿಸಿದ್ದರು.

"ವೈನಿ, ಭತ್ತ ಬಡೀತ್ರ್ಯಾ, ಸೊಳ್ಳೆ ಓಡಿಸ್ತ್ರ್ಯಾ?" ಎಂದು ಅಲ್ಲಿಂದಲೇ ಕೂಗಿದ. ತನ್ನ ಮಾತಿಗೆ ತಾನೇ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ನಮ್ಮ ಕೈಗಳೆಲ್ಲ ನಿಂತವು. ಅವನ ಬೆನ್ನು ಏರಿಳಿಯುವುದು ದೂರದಿಂದಲೇ ಕಾಣುತ್ತಿತ್ತು. ಬಹಳ ಹೊತ್ತಾಯಿತೆನಿಸಿತು. ಕೊನೆಗೆ ಅವನು ತಲೆ ಎತ್ತಿ, ಏನಿಲ್ಲ ಎಂದು ಕೈ ಆಡಿಸಿದ.

ಅವಳು ಭತ್ತದ ತೆನೆಯ ಒಂದು ಸೂಡು ತೆಗೆದು ನನ್ನ ಕೈಗಿಟ್ಟಳು. "ಎಂತ ನೋಡ್ತ್ರಿ? ಬಡೀರಿ" ಎಂದಳು.

ಬಡಿದೆ.