ನನ್ನ ಊರು, ನೆಗೆಣ್ಣಿಯ ಕಾದಂಬರಿ

ನನ್ನ ನೆಗೆಣ್ಣಿಯ ಎಡಗಿವಿಯ ಹಾಲೆ ಯಾವಾಗಲೂ ಕೆಂಪಗಿರುತ್ತಿತ್ತು. ಯೋಚನೆಗೆ ಬಿದ್ದಾಗ ಆ ಕಿವಿಯ ಬೆಂಡೋಲೆಯನ್ನು ತಿರುವುತ್ತ ಕೂಡುವುದು ಅವಳ ಚಾಳಿ. ಅವಳು ಯೋಚಿಸುತ್ತಿದ್ದದ್ದು ಬಹಳ ಮಾಡಿ ಕೊಲೆಯ ವಿಷಯ. ಕೈ ಕಿವಿಗೆ ಹೋಯಿತೆಂದರೆ ತವೆಯ ಮೇಲಿನ ಚಪಾತಿ ಕರಕಲಾಯಿತೆಂದೇ ಲೆಕ್ಕ. ನಾನು ಹಿಂದಿನಿಂದ ಬಂದು ಅದನ್ನು ಮಗುಚಿ ಹಾಕುತ್ತಿದ್ದೆ. ಅವಳ ಹೆಸರು ಪುಸ್ತಕದ ಮೇಲೆ ಬಂತು. ಚಪಾತಿ ಮಗುಚಿದವಳ ಹೆಸರು ಎಲ್ಲೂ ಬರಲಿಲ್ಲ.

ಅವಳು ನನ್ನ ಮೈದುನನ ಹೆಂಡತಿ. ಅರವತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಸಯನ್‌ನ ನಮ್ಮ ಎರಡು ಕೋಣೆಯ ಮನೆಗೆ ಸೊಸೆಯಾಗಿ ಬಂದಳು. ನಾನು ಅಷ್ಟರಲ್ಲಿ ಆ ಮನೆಯಲ್ಲಿ ಹಳಬಳಾಗಿದ್ದೆ. ನನ್ನದು ಧಾರವಾಡದ ಕಡೆಯ ಒಂದು ಸಣ್ಣ ಊರು. ಅವಳು ಹುಟ್ಟಿ ಬೆಳೆದದ್ದೆಲ್ಲ ವಡಾಲದ ಕಾಲೊನಿಯಲ್ಲಿ. ಬಾವಿಗೆ ಕೊಡ ಇಳಿಸಿದವಳಲ್ಲ, ಸಂತೆ ಕಂಡವಳಲ್ಲ. ಮಾತಾಡುವಾಗ ನಡುನಡುವೆ ಮರಾಠಿ ಇಣುಕುತ್ತಿತ್ತು. ಬರೆಯಲು ಕೂತರೆ ಮಾತ್ರ ಕನ್ನಡ ನೀರು ಕುಡಿದಷ್ಟು ಸಲೀಸು. ನನಗೆ ಅದೂ ಒಂದು ಸಿಟ್ಟು.

ಗಂಡಸರು ಆಫೀಸಿಗೆ ಹೋದ ಮೇಲೆ, ಅತ್ತೆ ಅಡ್ಡಾದಾಗ, ನಾವಿಬ್ಬರೂ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂಡುತ್ತಿದ್ದೆವು. "ಅಕ್ಕಾ, ನಿಮ್ಮೂರಾಗ ಎಲ್ಲಾರೂ ಮಲಗಿದ ಮ್ಯಾಲ ಯಾರು ಎಚ್ಚರ ಇರ್ತಾರ?" ಎಂದು ಕೇಳುವಳು. ಆ ಮನೆಯಲ್ಲಿ ನನ್ನ ಊರಿನ ಬಗ್ಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನಾನು ಉಬ್ಬಿಹೋದೆ. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ಗಿರಣಿಯವನು, ಯಾವ ರೋಗಕ್ಕೂ ಅದೇ ಗುಲಾಬಿ ಔಷಧಿ ಕೊಡುವ ಕಂಪೌಂಡರ, ಒಂದು ಮೆಟ್ಟಿಲು ಮುರಿದ ದೊಡ್ಡ ಬಾವಿ, ಎಲ್ಲವನ್ನೂ ಹೇಳಿದೆ. ಅವಳು ಬೆಂಡೋಲೆ ತಿರುವುತ್ತ ಕೇಳಿದಳು. ನಾನದನ್ನು ಪ್ರೀತಿ ಎಂದುಕೊಂಡೆ.

ಮುಂದೆ ಒಂದು ಮಾಸಪತ್ರಿಕೆಯಲ್ಲಿ ಅವಳ ಧಾರಾವಾಹಿ ಶುರುವಾಯಿತು. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು; ಅವಳೇ ಜೋರಾಗಿ ಓದಿ ಹೇಳುತ್ತಿದ್ದಳು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಗಿರಣಿಯವನು ಬಂದ. ಕಂಪೌಂಡರ ಬಂದ. ಆಮೇಲೆ ನಮ್ಮೂರ ಬಾವಿಯಲ್ಲಿ, ಆ ಮುರಿದ ಮೆಟ್ಟಿಲ ಹತ್ತಿರವೇ, ಒಂದು ಹೆಣ ತೇಲಿತು.

"ಮುಂದ ಏನಾತು?" ಎಂದರು ಅತ್ತೆ. "ನನಗ ಆ ಗಿರಣಿಯವನ ಮ್ಯಾಲ ಸಂಶಯ ಅದ. ಎಷ್ಟ ಛಲೋ ಬರದೀಯವಾ! ಊರು ಕಣ್ಣಮುಂದ ನಿಂತ್ಹಂಗ ಆತು."

ನನ್ನ ಸಾರಿಗೆ ಒಂದು ದಿನವೂ ಛಲೋ ಅನ್ನದ ಬಾಯಿ ಅದು. ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರಿಡುವುದು ಬೇಡ.

ಹೀಗೆ ನಮ್ಮೂರಲ್ಲಿ ಒಂದರ ಹಿಂದೊಂದು ಕೊಲೆಗಳಾದವು. ದಾದರ್‌ನ ಲೈಬ್ರರಿಯಲ್ಲಿ ಅವಳ ಪುಸ್ತಕಗಳಿಗೆ ಜನ ಸರದಿ ಕಾಯುತ್ತಿದ್ದರು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ ಅವಳ ಕಾದಂಬರಿ ಓದುತ್ತ ತಾನಿಳಿಯುವ ಸ್ಟೇಷನ್ ಬಿಟ್ಟದ್ದನ್ನು ನಾನೇ ಕಂಡೆ. ಕೊನೆಗೆ ಕನ್ನಡ ಸಂಘದವರು ಅವಳಿಗೆ ಶಾಲು ಹೊದಿಸಿದರು. ನಾನು ಅವಳ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆಳಗೆ ಕೂತಿದ್ದೆ. ಮುಂಬಯಿಯಲ್ಲಿ ಹುಟ್ಟಿದ ನಿಮಗೆ ಸಣ್ಣ ಊರಿನ ಬದುಕು ಇಷ್ಟು ಹೇಗೆ ಗೊತ್ತು ಎಂದು ಯಾರೋ ಕೇಳಿದರು. ನನ್ನ ಬೆನ್ನು ತಾನೇ ನೆಟ್ಟಗಾಯಿತು. ಅವಳು ನಕ್ಕು, "ಎಲ್ಲ ಕಲ್ಪನೆ" ಎಂದಳು.

ಮರುದಿನ ಮಧ್ಯಾಹ್ನ ಸೊಪ್ಪಿನ ಮುಂದೆ ಕೂತಾಗ ಅವಳು, "ಅಕ್ಕಾ, ನಿನ್ನೆ ಮುಂಜಾನೆ ಹೇಳ್ತಿದ್ರೆಲ್ಲ, ಆ ಸಿಂಪಿಗೇರ ಓಣಿ ದಾಟಿದ್ರ ಎಲ್ಲಿಗೆ ಹೋಗ್ತದ?" ಎಂದು ಕೇಳಿದಳು.

"ನನಗೇನು ಗೊತ್ತವಾ? ನೀನ ಕಲ್ಪನಾ ಮಾಡ್ಕೋ."

ಅವಳ ಕೈ ಕಿವಿಯ ಹತ್ತಿರವೇ ನಿಂತಿತು. ಅಲ್ಲಿಂದ ಮುಂದೆ ಸೊಪ್ಪು ಬಿಡಿಸುವಾಗ ನಾವು ರೇಶನ್ ಅಂಗಡಿಯ ಸಕ್ಕರೆ, ನಳದ ನೀರು ಇಷ್ಟನ್ನೇ ಮಾತಾಡಿದೆವು. ಬರೆಯುತ್ತಿದ್ದ ಕಾದಂಬರಿ ಆ ಓಣಿಯ ಬಾಯಲ್ಲೇ ನಿಂತುಹೋಯಿತು. ನಾನು ಮರುಗಲಿಲ್ಲ. ನನ್ನ ಊರು ನನಗೆ ವಾಪಸು ಬಂತಲ್ಲ ಎಂದು ಖುಷಿಪಟ್ಟೆ.

ಅವಳೇನು ಸುಮ್ಮನೆ ಕೂಡುವವಳೇ! ಲೈಬ್ರರಿ ಹಿಡಿದು ಕೂತು ಮಕ್ಕಳಿಗಾಗಿ ದೊಡ್ಡವರ ಜೀವನ ಚರಿತ್ರೆ ಬರೆಯತೊಡಗಿದಳು. ಕುಷ್ಠರೋಗಿಗಳ ಸೇವೆ ಮಾಡಿದ ಡಾಕ್ಟರು, ಕುರಿ ಕಾಯುತ್ತ ಕಲಿತು ಇಂಜಿನಿಯರಾದವನು, ಊರನ್ನೇ ಎದುರು ಹಾಕಿಕೊಂಡು ಶಾಲೆ ತೆರೆದ ವಿಧವೆ. ಶಾಲೆಗಳಲ್ಲಿ ಬಹುಮಾನಕ್ಕೆ ಅವೇ ಪುಸ್ತಕ. ಪತ್ತೇದಾರಿಯಿಂದ ಜೀವನ ಚರಿತ್ರೆಯ ತನಕ ಎಂಥ ವೈವಿಧ್ಯ ಎಂದು ವಿಮರ್ಶಕರು ಬರೆದರು. ಆ ವೈವಿಧ್ಯ ಹುಟ್ಟಿದ್ದು ನಾನು ಬಾಯಿ ಮುಚ್ಚಿದ್ದರಿಂದ ಎಂದು ಅವರಿಗೆ ಯಾರು ಹೇಳಬೇಕು? ನಾನು ಎಷ್ಟು ಬಡಿದೆಬ್ಬಿಸಿದರೂ ಏಳದ ನನ್ನ ಮಗ, ತನ್ನ ಚಿಕ್ಕಮ್ಮ, ಕಾಕು ಬರೆದ ಡಾಕ್ಟರ ಕಥೆ ಓದಿ ನಸುಕಿನಲ್ಲೇ ಎದ್ದು ಅಭ್ಯಾಸಕ್ಕೆ ಕೂತ. ಒಳ್ಳೆಯದೇ ಆಯಿತು. ಆದರೂ ಉರಿಯುವುದು ಉರಿಯಿತು.

ಒಂದು ಬೇಸಗೆಯಲ್ಲಿ ತವರಿಗೆ ಹೋದೆ. ಬಾವಿಯ ಕಟ್ಟೆಯ ಮೇಲೆ ನಿಂತು ಇಣುಕಿದರೆ ನನ್ನ ಕಣ್ಣು ಹುಡುಕಿದ್ದು ಹೆಣವನ್ನು. ಗಿರಣಿಯವನು "ಆರಾಮ ಏನವಾ?" ಎಂದು ಕೇಳಿದ, ನಾನು ಅವನ ಕೈ ನೋಡಿದೆ. ಊರು ನನಗೆ ವಾಪಸು ಬಂದಿರಲಿಲ್ಲ. ಅವಳ ಹತ್ತಿರವೇ ಇತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅವಳು ಹಾಸಿಗೆ ಹಿಡಿದಳು. ಆಸ್ಪತ್ರೆಗೆ ಊಟದ ಡಬ್ಬಿ ಒಯ್ಯುವ ಕೆಲಸ ನನ್ನದು. ಆಪರೇಶನ್ನಿನ ದಿನ ನರ್ಸು ಬಿಚ್ಚಿಕೊಟ್ಟ ಬೆಂಡೋಲೆಗಳನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದೆ. ಅದಾಗಿ ಕೆಲವು ದಿನಕ್ಕೆ, ಗಂಜಿ ಕುಡಿಸುವಾಗ, ಅವಳು ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾ, ಆ ಓಣಿ ಎಲ್ಲಿಗೆ ಹೋಗ್ತದ?"

ಈ ಸಲ ಹೇಳಿದೆ. "ಓಣಿ ಮುಗದಲ್ಲೆ ಒಂದು ಹುಣಸಿ ಗಿಡ ಅದ. ಅದರ ಹಿಂದ ಹಳ್ಳ. ಹಳ್ಳಾ ದಾಟಿದ್ರ ರೈಲ್ವೆ ಸ್ಟೇಷನ್."

ಅವಳ ಬೆರಳು ಬರಿ ಕಿವಿಗೆ ಹೋಗಿ, ಇಲ್ಲದ ಬೆಂಡೋಲೆಯನ್ನು ಮೆಲ್ಲಗೆ ತಿರುವಿತು.

"ಹಂಗಾರ ಅಂವಾ ಸಿಗೂದಿಲ್ಲ. ರೈಲು ಹತ್ತಿ ಹೋಗಿಬಿಡ್ತಾನ."

"ಯಾರು? ಗಿರಣಿಯಂವ ಏನು?"

"ನೀವೂ ಅತ್ತಿಯವರ ಹಂಗ ಮಾತಾಡ್ತೀರಲ್ಲ," ಎಂದು ನಕ್ಕಳು. "ಬರದ ಮ್ಯಾಲ ಓದ್ರಿ."

ಬರೆಯುವಷ್ಟು ದಿನ ಅವಳಿಗೆ ಸಿಗಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಹತ್ತಿರ ಕರೆದರು. ನಿಂತುಹೋದ ಆ ಕಾದಂಬರಿಯನ್ನು ಓಣಿಯ ತನಕ ಅವಳು ಅವರಿಗೆ ಓದಿ ಹೇಳಿದ್ದಳಂತೆ. "ಅದು ನಿನ್ನ ಊರಂತ. ಅಕೀನ ಹೇಳಿದ್ಲು. ಮುಂದ ಏನಾತು, ನೀನರ ಹೇಳು," ಎಂದರು.

ಅಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಹುಣಸೆ ಗಿಡ ಹೇಳಿದೆ, ಹಳ್ಳ ಹೇಳಿದೆ, ಸ್ಟೇಷನ್ ಹೇಳಿದೆ, ರೈಲು ಹೊರಟದ್ದೂ ಹೇಳಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಗೋಡೆಯ ಕಡೆ ಹೊರಳಿದರು.

"ಅಕಿ ಹಿಂಗ ಹೇಳ್ತಿದ್ದಿಲ್ಲ," ಎಂದರು.

ನನಗೆ ಮತ್ತೆ ಹೊಟ್ಟೆ ಉರಿಯಿತು. ಉರಿಯುತ್ತಿದ್ದಂತೆಯೇ ಅಳು ಬಂತು. ಅತ್ತೆ ಹೇಳಿದ್ದು ಖರೆ. ಅವಳಿದ್ದಿದ್ದರೆ ಇಷ್ಟು ಹೊತ್ತಿಗೆ ಕೇಳುತ್ತಿದ್ದಳು, ಆ ರೈಲಿನಲ್ಲಿ ಮತ್ತೆ ಯಾರ್ಯಾರು ಇದ್ದರು ಅಕ್ಕಾ ಎಂದು. ಆಗ ನನಗೆ ಎಲ್ಲವೂ ನೆನಪಾಗುತ್ತಿತ್ತು.