ಯುವ ಬೆಳೆಗಾರರ ಅಧ್ಯಕ್ಷರು

ಅವರು ಮೂಡಿಗೆರೆಯ ನಮ್ಮ ಯುವ ಬೆಳೆಗಾರರ ಕೂಟದ ಅಧ್ಯಕ್ಷರಾದಾಗ ವಯೋಮಿತಿ ನಲವತ್ತಿತ್ತು. ಅವರಿಗೆ ನಲವತ್ತು ತುಂಬಿದಾಗ ಅದು ಐವತ್ತಾಯಿತು, ಐವತ್ತು ತುಂಬಿದಾಗ ಅರವತ್ತಾಯಿತು. ಪ್ರತಿ ಸಲವೂ ಬಣ್ಣ ಹಚ್ಚಿದ ಮೀಸೆಯನ್ನು ಕರವಸ್ತ್ರದಿಂದ ಒತ್ತಿಕೊಂಡು, "ತಲೆಮಾರು ಅನ್ನೋದು ವಯಸ್ಸಲ್ಲಿರಲ್ಲ ಮಾರಾಯ, ಮನಸ್ಸಲ್ಲಿರುತ್ತೆ" ಎನ್ನುತ್ತಿದ್ದರು. ಕಾರ್ಯದರ್ಶಿಯಾದ ನಾನು ಅದನ್ನು ನಡಾವಳಿ ಪುಸ್ತಕದಲ್ಲಿ ಗಂಭೀರವಾಗಿ ಬರೆದುಕೊಳ್ಳುತ್ತಿದ್ದೆ.

ಒಂದು ವರ್ಷ ಬಾಳೂರಿನ ಹೆಣ್ಣುಮಗಳೊಬ್ಬಳು ಅಧ್ಯಕ್ಷ ಸ್ಥಾನಕ್ಕೆ ಹೆಸರು ಕೊಟ್ಟಳು. ಅಪ್ಪನ ತೋಟವನ್ನು ಒಬ್ಬಳೇ ನಡೆಸುತ್ತಿದ್ದವಳು. ಕೂಟದಲ್ಲಿ ನಲವತ್ತು ದಾಟದವಳೂ ಅವಳೊಬ್ಬಳೇ.

ಅಧ್ಯಕ್ಷರು ನಕ್ಕರು. "ನೀನು ಮುಂದಿನ ತಲೆಮಾರಮ್ಮ. ಮೊದಲು ನಮ್ದು ಮುಗೀಲಿ."

"ಎಲ್ಲಿಗೆ ಮುಗಿಯುತ್ತೆ ಅಂತ ಹೇಳಿ ಸಾರ್, ಕಾಯ್ತೀನಿ."

ಅದನ್ನು ತೀರ್ಮಾನಿಸಲು ಸಭೆ ಸೇರಿತು. ರೇಡಿಯೋ ಕೇಳಿ ಬೆಳೆದವರೆಲ್ಲ ಒಂದು ತಲೆಮಾರು ಎಂದರು ಒಬ್ಬರು. ಕೈಯಲ್ಲಿ ಪಲ್ಪರ್ ತಿರುಗಿಸಿ ಕಾಫಿಹಣ್ಣು ಸುಲಿದವರು ಮಾತ್ರ ಎಂದರು ಇನ್ನೊಬ್ಬರು. ಎರಡು ಸಲ ಕಾಫಿ ಬಂದು ಹೋದ ಮೇಲೆ ಅಧ್ಯಕ್ಷರು ಎದ್ದು ನಿಂತು ತೀರ್ಪು ಕೊಟ್ಟರು: "ಅಪ್ಪ ಇರೋವರೆಗೆ ಮಕ್ಕಳ ತಲೆಮಾರು ಶುರುವಾಗಲ್ಲ."

ಅವಳು ಮೆಲ್ಲಗೆ ಹೇಳಿದಳು: "ನಮ್ಮಪ್ಪ ತೀರಿಹೋಗಿ ಮೂರು ವರ್ಷ ಆಯ್ತು ಸಾರ್. ನಿಮ್ಮ ತಂದೆಯವರು ಇನ್ನೂ ಇದ್ದಾರಲ್ಲ, ಆರೋಗ್ಯವಾಗಿದ್ದಾರಾ?"

ಅಧ್ಯಕ್ಷರು ಮೀಸೆಯನ್ನು ಕರವಸ್ತ್ರದಿಂದ ಒತ್ತಿಕೊಂಡು, ತಮ್ಮ ಪರ ಇರುವವರು ಕೈ ಎತ್ತಬೇಕೆಂದರು.

ಅವಳದೊಂದನ್ನು ಬಿಟ್ಟು ಹನ್ನೊಂದು ಕೈಗಳೂ ಮೇಲೆದ್ದವು. ಎಣಿಸಿ ಬರೆದುಕೊಳ್ಳಬೇಕಾಗಿದ್ದ ನಾನೂ ಪೆನ್ನನ್ನು ಕೆಳಗಿಟ್ಟು ಕೈ ಎತ್ತಿದ್ದೆ.