ಮೂಡಲಗಿಯಲ್ಲಿ ಮೊದಲು ಮುಳುಗಿದ ಹೊತ್ತು

ನಮ್ಮದು ಮೂಡಲಗಿಯ ಜೈನ ಮನೆತನ. ಅಪ್ಪನದು ಪೇಟೆಯಲ್ಲಿ ಕಾಳುಕಡಿ ವ್ಯಾಪಾರ. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಗೋಕಾಕದಲ್ಲಿ ಬಿ.ಎಸ್ಸಿ. ಓದುವಾಗ ಬಸ್ಸು ತಡವಾಗಿ ಉಪವಾಸ ಮಲಗಿದ್ದುಂಟು. ಅದೇನು ದೊಡ್ಡ ಮಾತಾಗಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಸಂಶೋಧನೆಗೆಂದು ಮುಂಬಯಿಗೆ ಹೋದ ಮೇಲೆ ದೊಡ್ಡ ಮಾತಾಯಿತು.

ನನ್ನ ಕೆಲಸ ಲೇಸರ್ ಬೆಳಕಿನದು. ರೆಪ್ಪೆ ಬಡಿಯುವುದೇ ಒಂದು ಯುಗ ಅನ್ನಿಸುವಷ್ಟು ಚುಟುಕಾದ ಮಿಂಚುಗಳು. ಒಂದು ಮಿಂಚು ಹರಳಿನೊಳಗಿನ ಎಲೆಕ್ಟ್ರಾನುಗಳನ್ನು ಕಲಕುತ್ತದೆ; ಬೆನ್ನಿಗೇ ಬರುವ ಇನ್ನೊಂದು, ಅವು ಏನು ಮಾಡುತ್ತಿವೆ ಎಂದು ನೋಡುತ್ತದೆ. ಅವು ಒಂದೇ ಲಯದಲ್ಲಿ ಅಲೆಯಂತೆ ತೂಗುತ್ತವೆ, ಮರುಕ್ಷಣ ಲಯ ತಪ್ಪುತ್ತವೆ. ಆ ತೂಗಾಟವನ್ನು ಹಿಡಿಯಲು ವರ್ಷಗಟ್ಟಲೆ ಒದ್ದಾಡಿದೆ. ಪರದೆಯ ಮೇಲೆ ಬರುತ್ತಿದ್ದುದು ಬರೀ ಗೀಚುಗೆರೆ. ಕಿಟಕಿಗೆಲ್ಲ ಕಪ್ಪು ಬಟ್ಟೆ, ಒಳಗೆ ನಾನೊಬ್ಬಳೇ. ಹೊತ್ತು ಮುಳುಗಿದ್ದೂ ಗೊತ್ತಾಗದೆ ಎಷ್ಟೋ ಸಲ ಬರಿಹೊಟ್ಟೆಯಲ್ಲಿ ಮಲಗಿದೆ. ಉಂಡೆಯಾ ಎಂದು ಕೇಳುವವರು ಯಾರೂ ಇರಲಿಲ್ಲ.

ರಜೆಗೆ ಬಂದಾಗ, ಹುಕ್ಕೇರಿಗೆ ಕೊಟ್ಟ ಸೋದರತ್ತೆ ನನ್ನ ಸೊರಗಿದ ಮುಖ ನೋಡಿ ಕಾರಣ ಕೆದಕಿದರು. ಇದ್ದದ್ದು ಹೇಳಿದೆ.

"ಬೆಳಕಿನ ಅಭ್ಯಾಸ ಮಾಡಾಕಿಗೆ ಹೊತ್ತ ಮುಣಗಿದ್ದು ತಿಳಿಯಂಗಿಲ್ಲಂತ!" ಎಂದರು ಅತ್ತೆ.

ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಆ ಬೆಳಕಿನಲ್ಲಿ ನಾನೇನು ನೋಡುತ್ತೇನೆಂದು ಮನೆಯಲ್ಲಿ ಒಬ್ಬರಾದರೂ ಕೇಳಲಿ ಎಂಬ ಆಸೆ ನನಗೆ. ಅವರೂ ಕೇಳಲಿಲ್ಲ.

ನಾನು ಮರಳಿದ ಮೇಲೆ ದಿನಾ ಸಂಜೆ ಪ್ರಯೋಗಾಲಯಕ್ಕೆ ಫೋನು ಬರತೊಡಗಿತು. ಅಪ್ಪ ಅಂಗಡಿ ಮುಚ್ಚಿ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಹೋಗಿ, "ಹೊತ್ತ ಇಳ್ಯಾಕತ್ತೈತಿ, ಉಣ್ಣಾಕ ಏಳವ್ವಾ" ಎಂದಷ್ಟೇ ಹೇಳಿ ಇಡುತ್ತಿದ್ದರು. ನಮ್ಮೂರು ಮುಂಬಯಿಗಿಂತ ಪೂರ್ವಕ್ಕಿದೆ. ಅಲ್ಲಿ ಸೂರ್ಯ ಕೆಲವು ನಿಮಿಷ ಮೊದಲೇ ಮುಳುಗುತ್ತಾನೆ. ಹಾಗಾಗಿ ನನಗೆ ಊಟ ತಪ್ಪುತ್ತಿರಲಿಲ್ಲ.

ಒಂದು ಸಂಜೆ ಫೋನು ಬಂದಾಗ ಪರದೆಯ ಮೇಲೆ ಅಲೆ ಮೂಡಿತ್ತು. ಏರಿತು, ಇಳಿಯಿತು, ಮತ್ತೆ ಏರಿತು. ಹೇಳಿಕೊಳ್ಳಲು ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ತಡೆಯಲಾಗದೆ ಅಪ್ಪನಿಗೇ ಹೇಳಿಬಿಟ್ಟೆ.

"ಅಪ್ಪಾ, ಬಾವ್ಯಾಗ ಕಲ್ಲ ಒಗದ್ರ ತೆರಿ ಏಳತಾವಲ್ರಿ? ಹಂಗ ಒಂದು ಬೆಳಕು ತೆರಿ ಎಬ್ಬಸ್ತೈತಿ, ಹಿಂದ ಬರೋ ಬೆಳಕು ನೋಡ್ತೈತಿ. ಇವತ್ತ ಕಂಡ್ವು!"

ಅಪ್ಪ ಫೋನು ಇಡಲಿಲ್ಲ. ಕೇಳಿದರು: "ಆ ತೆರಿ ಎಷ್ಟೊತ್ತ ಇರ್ತಾವವ್ವಾ?"

 ಹೇಳಿದೆ. ಅವರು ಮತ್ತೆ ಕೇಳಿದರು, ನಾನು ಮತ್ತೆ ಹೇಳಿದೆ. ವರ್ಷಗಳ ಮಾತೆಲ್ಲ ಒಮ್ಮೆಗೇ ಹೊರಬಿತ್ತು.

"ತಿಳೀತೇನ್ರಿ, ಅಪ್ಪಾ?"

"ಅರ್ಧಾ ತಿಳೀತು. ಉಳದದ್ದು ನಾಳಿ ಹೇಳು. ಈಗ ಓಡು, ನಿನಗಿನ್ನೂ ಯಾಳೆ ಐತಿ."

"ನೀವು ಉಂಡ್ರೇನು?"

"ಇಲ್ಲಿ ಮುಣಗಿತವ್ವಾ."

ದಿನಾ ನನ್ನನ್ನು ಎಬ್ಬಿಸಿದ ಮೇಲೆಯೇ ಅವರು ಮನೆಗೆ ಹೋಗಿ ಉಣ್ಣುತ್ತಿದ್ದರೆಂದು ಆಗ ತಿಳಿಯಿತು. ಮೆಸ್ಸಿಗೆ ಓಡಿದೆ. ಅಲ್ಲಿ ಇನ್ನೂ ಬಿಸಿಲಿತ್ತು, ಯಾರೂ ಬಂದಿರಲಿಲ್ಲ. ಒಬ್ಬಳೇ ಕುಳಿತು ಅಳುತ್ತಲೇ ಉಂಡೆ.